ಗೋಲಿ ಚೆಲ್ಲಿದ ಸದ್ದು

ಇವತ್ತು ಹೃದಯದ ಸ್ಕ್ಯಾನ್, ಅದೇ ಎಕೋ, ಅದರ ರಿಪೋರ್ಟ್ ಬಂತು. ಇಎಫ್, ಅಂದ್ರೆ ಒಂದೊಂದು ಬಡಿತಕ್ಕೂ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಹೊರಗೆ ತಳ್ಳೋ ಪಾಲು, ಶೇ. 52! ಹೋದ ದಸರಾ ಹೊತ್ತಿಗೆ 30 ಇತ್ತು. ಆಗ ಹತ್ತು ಮೆಟ್ಟಿಲು ಹತ್ತಿದ್ರೆ ಏದುಸಿರು, ಸಂಜೆ ಸಾಕ್ಸ್ ತೆಗೆದ್ರೆ ಕಾಲ ಮೇಲೆ ಅದರ ಅಚ್ಚು ಹಾಗೇ ಕೂತಿರ್ತಿತ್ತು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡ್ಕೊಂಡು ಎರಡು ತಿಂಗಳು ಕಳೆದೆ, ಪೆದ್ದ ನಾನು.

ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರ್ತಿವೆ, ಅದರಿಂದ ಬಡಿತ ಓಡ್ತಿದೆ, ಆ ಓಟಕ್ಕೇ ಹೃದಯ ದಣಿದು ಹಿಗ್ಗಿದೆ, ಓಟ ಹತೋಟಿಗೆ ಬಂದ್ರೆ ಎಷ್ಟೋ ಜನಕ್ಕೆ ಮತ್ತೆ ಕುಗ್ಗುತ್ತೆ ಅಂದ್ರು ಡಾಕ್ಟ್ರು. (ದೊಡ್ಡ ಹೃದಯ ಅನ್ನೋದು ಹೊಗಳಿಕೆ ಅಂದ್ಕೊಂಡಿದ್ದೆ ಇಷ್ಟು ದಿನ!)

ಬಡಿತ ಇಳಿಸೋಕೆ, ರಕ್ತ ಹೆಪ್ಪುಗಟ್ಟದ ಹಾಗೆ, ಮೈಯಲ್ಲಿ ನಿಂತ ನೀರಿಗೆ ಅಂತ ಮಾತ್ರೆಗಳು. ಬೆಳಿಗ್ಗೆ ಎದ್ದ ಕೂಡಲೇ ತೂಕ; ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಫೋನ್ ಮಾಡಬೇಕು. ಉಪ್ಪಿನಕಾಯಿ ಭರಣಿ ಅಟ್ಟ ಸೇರ್ತು. ಅದೊಂದೇ ಈಗಲೂ ಸಂಕಟ, ಅಪ್ಪೆಮಿಡಿ ಕಾಲ ಬೇರೆ.

ರಾತ್ರಿ ಎಡಮಗ್ಗುಲಾದ್ರೆ ದಿಂಬಲ್ಲಿ ಕೇಳೋ ಸದ್ದು ಮೊದಲು ಮೆಟ್ಟಿಲ ಮೇಲೆ ಗೋಲಿ ಚೆಲ್ಲಿದ ಹಾಗಿತ್ತು. ಈಗ ಅಜ್ಜನ ಕಾಲದ ಗೋಡೆ ಗಡಿಯಾರ. ನಿನ್ನೆ ಇವಳು ನನ್ನ ನಾಡಿ ಹಿಡಿದು ಎಣಿಸ್ತಾ ಕೂತವಳು, ನಲವತ್ತಕ್ಕೆ ಬರೋಷ್ಟರಲ್ಲಿ ನಿದ್ದೆ ಹೋಗಿದ್ಲು.