ಕಾರಣದ ಕಾಲಂ

ಇಂದು ಬೆಳಿಗ್ಗೆ ಚಿಕ್ಕಮಗಳೂರಿನ ಜಡಿಮಳೆಯಲ್ಲಿ ಮಗಳನ್ನು ಬಿಡಲು ಹೋದಾಗ, ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಗೇಟಿನ ಬಳಿ, ಆಯಾ ಹಿಡಿದ ಕೊಡೆಯ ಕೆಳಗೆ, ತಡವಾಗಿ ಬಂದವರ ಪುಸ್ತಕ ಹಿಡಿದು ನಿಂತಿದ್ದರು.

ತೋಟದ ಲೈನ್‌ಮನೆಯ ಹುಡುಗನೊಬ್ಬ ತಲೆ ತಗ್ಗಿಸಿ ಬಂದ.

"ಬಸ್ಸು ತಡವಾಯಿತೇನಪ್ಪಾ?" ಎಂದು ಕೇಳಿ, ಕಾರಣದ ಕಾಲಂನಲ್ಲಿ ‘ಬಸ್ಸು’ ಎಂದು ತಾವೇ ಬರೆದು, ಅವನ ಒದ್ದೆ ಬ್ಯಾಗನ್ನು ಕೈಗೆ ತೆಗೆದುಕೊಂಡರು.

ಆ ಒಂದು ಪದ ದಿನವಿಡೀ ನನ್ನ ಜೊತೆಗಿದೆ.

ಕಥೋಲಿಕ ಶಾಲೆಯ ಮುಖ್ಯಸ್ಥರದು ಎರಡು ಕಡೆಯ ಹೊಣೆ. ಹಾಜರಾತಿ, ಫಲಿತಾಂಶಗಳ ಲೆಕ್ಕವನ್ನು ಶಿಕ್ಷಣ ಇಲಾಖೆಗೆ ಒಪ್ಪಿಸಬೇಕು. ಜೊತೆಗೆ, ಧರ್ಮಸಭೆಯ, ಅಂದರೆ ಚರ್ಚಿನ, ಕಾನೂನು ಸಂಹಿತೆಯ 806ನೆಯ ವಿಧಿಯಂತೆ ಧರ್ಮಾಧ್ಯಕ್ಷರು (ಬಿಷಪ್) ಶಾಲೆಯನ್ನು ಸಂದರ್ಶಿಸಿದಾಗ ಅದರ ಒಳಬದುಕಿಗೂ ಉತ್ತರ ಹೇಳಬೇಕು. ಹಾಸನವನ್ನೂ ಒಳಗೊಂಡ ನಮ್ಮ ಧರ್ಮಪ್ರಾಂತ್ಯ, ಅಂದರೆ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ, ರೂಪುಗೊಂಡದ್ದು 1963ರಲ್ಲಿ. ಅದಾದ ಎರಡೇ ವರ್ಷಕ್ಕೆ, 1965ರಲ್ಲಿ, ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ, ಕಥೋಲಿಕ ಶಾಲೆಯೊಳಗೆ ಸ್ವಾತಂತ್ರ್ಯ ಮತ್ತು ಪ್ರೀತಿಯ ವಾತಾವರಣ ಇರಬೇಕೆಂದು ಹೇಳಿತು. ಕಥೋಲಿಕರಲ್ಲದ ಮಕ್ಕಳೂ ಓದುವ ಶಾಲೆಗಳು ತನಗೆ ಬಹಳ ಪ್ರಿಯವೆಂದೂ ಹೇಳಿತು. ನನ್ನ ಮಗಳ ತರಗತಿಯಲ್ಲಿ ಅಂಥ ಮಕ್ಕಳೇ ಹೆಚ್ಚು.

ಆ ವಾತಾವರಣವನ್ನು ಸುತ್ತೋಲೆ ಹೊರಡಿಸಿ ತರಲಾಗದು ಎಂದೇ ನನ್ನ ನಂಬಿಕೆ. ಶಿಕ್ಷಕರು ಮುಖ್ಯಸ್ಥರ ಮುಖವನ್ನು ನೋಡುತ್ತಾರೆ, ಮಕ್ಕಳು ಶಿಕ್ಷಕರ ಮುಖವನ್ನು ನೋಡುತ್ತಾರೆ.

ಪ್ರಾರ್ಥನೆಯ ಗಂಟೆ ಹೊಡೆದರೂ ಸಿಸ್ಟರ್ ಒಳಗೆ ಹೋಗಲಿಲ್ಲ. ಆಲ್ದೂರಿನ ಬಸ್ಸು ಇನ್ನೂ ಬಂದಿರಲಿಲ್ಲ.