ಗ್ಲಾಸ್ಟರ್‌ಶೈರಿನಲ್ಲಿರುವ ನಂದಿಗಳನ್ನು ನೋಡಲು ಹೊರಟವರಿಗೆ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಗಾಡು ಎಂದರೆ ನಮ್ಮವರೆಲ್ಲ ಬೌರ್ಟನ್-ಆನ್-ದ-ವಾಟರ್‌ಗೆ ಹೋಗಿ, ಹೊಳೆಯ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ಸಾಗುತ್ತಾರೆ. ನನಗೆ ಆ ಜನಜಂಗುಳಿ ಆಗಿಬರಲಿಲ್ಲ, ಅದರ ಬಗ್ಗೆ ಬರೆಯುವುದೂ ಇಲ್ಲ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಅದೇ ಗ್ಲಾಸ್ಟರ್‌ಶೈರ್ ಪ್ರಾಂತ್ಯದಲ್ಲಿ, ಸೀಜಿನ್‌ಕೋಟ್ ಎಂಬ ಜಾಗವಿದೆ. ಕುರಿ ಮೇಯುವ ಹುಲ್ಲುಗಾವಲು, ಹಳೆಯ ಓಕ್ ಮರಗಳು, ಅವುಗಳ ನಡುವೆ ಈರುಳ್ಳಿಯಾಕಾರದ ತಾಮ್ರದ ಗುಮ್ಮಟ ಹೊತ್ತ ಒಂದು ದೊಡ್ಡ ಮನೆ. ತೋಟದ ಸೇತುವೆಯ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತ ನಂದಿಗಳು! ಇಂಥದ್ದೊಂದು ಇದೆ ಎಂದು ನಮಗೆ ಯಾರೂ ಯಾಕೆ ಹೇಳಲಿಲ್ಲ ಎಂದು ಬಹಳ ಹೊತ್ತು ಅನ್ನಿಸುತ್ತಿತ್ತು.

ಊರು ಎಂದು ಹುಡುಕಿದರೆ ಊರು ಸಿಗುವುದಿಲ್ಲ. 1086ರ ಡೂಮ್ಸ್‌ಡೇ ಎಂಬ ಭೂಮಿ ಲೆಕ್ಕದ ದಾಖಲೆಯಲ್ಲೇ ಹೆಸರಿರುವ ಹಳ್ಳಿ ಇದು. ಈಗ ಇಲ್ಲಿ ಅಂಗಡಿಯಿಲ್ಲ, ಚರ್ಚಿಲ್ಲ, ಬೀದಿಯೂ ಇಲ್ಲ. ಉಳಿದಿರುವುದು ಎಸ್ಟೇಟು, ಅದರ ಸುತ್ತ ಕೆಲವು ತೋಟದ ಮನೆಗಳು. ಹಾಗಾಗಿ ನೀರು, ತಿಂಡಿ ಎಲ್ಲವನ್ನೂ ಮೊರೆಟನ್-ಇನ್-ಮಾರ್ಷ್‌ನಲ್ಲೇ ಕಟ್ಟಿಕೊಳ್ಳಿ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಮೊರೆಟನ್‌ಗೆ ನೇರ ರೈಲಿದೆ, ಒಂದೂವರೆ ಗಂಟೆಯ ಆಸುಪಾಸು.

ಅಲ್ಲಿಂದ ಮುಂದಿನ ನಾಲ್ಕು ಕಿಲೋಮೀಟರ್ ಬಗ್ಗೆ ಎಚ್ಚರ. ನಾನು ಕಾದ ಹಳ್ಳಿ ಬಸ್ಸು ಬರಲೇ ಇಲ್ಲ. ನಿಲ್ದಾಣದ ಫಲಕದಲ್ಲಿ ವೇಳೆ ಇತ್ತು, ಮಳೆಯೂ ಇತ್ತು, ಬಸ್ಸು ಮಾತ್ರ ಇರಲಿಲ್ಲ. ಕೊನೆಗೆ ಸಿಕ್ಕ ಟ್ಯಾಕ್ಸಿಯವನು ಅಷ್ಟು ದೂರಕ್ಕೆ ಇಪ್ಪತ್ತು ಪೌಂಡ್ ಕೇಳಿದ, ಕೊಟ್ಟೆ. ವಾಪಸ್ಸು ಬರುವಾಗ ಕಾಲುದಾರಿ ಹಿಡಿದೆ. ಆಗ ಗೊತ್ತಾಯಿತು, ಈ ಜಾಗಕ್ಕೆ ನಡೆದೇ ಬರಬೇಕು. ಬೌರ್ಟನ್-ಆನ್-ದ-ಹಿಲ್ ಎಂಬ ಹಳ್ಳಿಯಿಂದ ಲಾಂಗ್‌ಬರೋ ಕಡೆಗೆ ಹೋಗುವ ಹಾರ್ಟ್ ಆಫ್ ಇಂಗ್ಲೆಂಡ್ ವೇ ಎಂಬ ಸಾರ್ವಜನಿಕ ಕಾಲುದಾರಿ ಎಸ್ಟೇಟಿನ ಹುಲ್ಲುಗಾವಲನ್ನು ಹಾದೇ ಹೋಗುತ್ತದೆ. ಅಲ್ಲಿ ನಡೆಯಲು ಟಿಕೆಟ್ ಬೇಡ, ಯಾರೂ ತಡೆಯುವಂತಿಲ್ಲ. ಮರಗಳ ಮರೆಯಿಂದ ಗುಮ್ಮಟ ಕಾಣುತ್ತದೆ. ಒಂದು ಎಚ್ಚರಿಕೆ: ಬೌರ್ಟನ್ ಹೆಸರಿನ ಊರು ಎರಡಿವೆ, ‘ಹಿಲ್’ ಇರುವುದು ನಿಮಗೆ ಬೇಕಾದ್ದು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಓಎಲ್ 45 ನಕ್ಷೆ ಕೈಯಲ್ಲಿರಲಿ. ಮಳೆ ಬಿದ್ದಿದ್ದರೆ ಕೆಸರು ಕಣಕಾಲು ಮುಟ್ಟುತ್ತದೆ, ಸೀರೆ ಚಪ್ಪಲಿಯಲ್ಲಿ ಬರುವ ಅಮ್ಮಂದಿರಿಗೆ ಗಟ್ಟಿ ಬೂಟು ಕೊಡಿಸಿ.

ಇನ್ನು ಮನೆಯ ಕಥೆ. ಕರ್ನಲ್ ಜಾನ್ ಕಾಕರೆಲ್ 1795ರಲ್ಲಿ ಈ ಎಸ್ಟೇಟು ಕೊಂಡ. ಮೂರೇ ವರ್ಷಕ್ಕೆ ಅವನು ತೀರಿಕೊಂಡಾಗ ತಮ್ಮ ಚಾರ್ಲ್ಸ್‌ನ ಕೈಗೆ ಬಂತು. ಚಾರ್ಲ್ಸ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದು ಬಂಗಾಳದಲ್ಲಿ ಹಣ ಮಾಡಿದವನು, ಕಲ್ಕತ್ತೆಯಲ್ಲಿ ಲೇವಾದೇವಿ ವ್ಯಾಪಾರದ ಪಾಲುದಾರ. ಇನ್ನೊಬ್ಬ ಸಹೋದರ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ ವಾಸ್ತುಶಿಲ್ಪಿ, 1805ರ ಹೊತ್ತಿಗೆ ಈ ಮನೆಗೆ ರೂಪ ಕೊಟ್ಟವನು ಅವನೇ. ಹೊರಗೆಲ್ಲ ಮೊಗಲ್ ಶೈಲಿಯ ಛತ್ರಿ (ಕಂಬಗಳ ಮೇಲಿನ ಪುಟ್ಟ ಗುಮ್ಮಟ), ಛಜ್ಜಾ (ಮುಂಚಾಚಿದ ಸೂರು), ಕಮಾನು. ಒಳಗೆ ಮಾತ್ರ ಗ್ರೀಕ್ ರೀತಿಯ ಕೋಣೆಗಳು. 1807ರಲ್ಲಿ ಇದನ್ನು ನೋಡಿಹೋದ ಯುವರಾಜ (ನಂತರದ ನಾಲ್ಕನೆಯ ಜಾರ್ಜ್ ದೊರೆ) ಮುಂದೆ ಬ್ರೈಟನ್ನಿನಲ್ಲಿ ತನ್ನ ಅರಮನೆಯನ್ನು ಅದೇ ಧಾಟಿಯಲ್ಲಿ ಕಟ್ಟಿಸಿಕೊಂಡ. ಬ್ರೈಟನ್‌ಗೆ ಲಕ್ಷಾಂತರ ಜನ ಹೋಗುತ್ತಾರೆ. ನನ್ನ ಕಣ್ಣಿಗೆ ಇದೇ ಹೆಚ್ಚು ಚೆಂದ.

ಆದರೆ ಸಮಯ ಕಮ್ಮಿಯಿದ್ದರೆ ಮನೆ ಬಿಡಿ, ತೋಟದಲ್ಲೇ ಇರಿ. ಅದರ ಹಿಂದೆ ಥಾಮಸ್ ಡೇನಿಯಲ್ ಎಂಬ ಚಿತ್ರಕಾರನ ಕೈಯಿದೆ. ಸಹೋದರನ ಮಗ ವಿಲಿಯಂ ಜೊತೆ ವರ್ಷಗಟ್ಟಲೆ ಭಾರತ ಸುತ್ತಿದವನು ಅವನು. 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದಿಂದ ಮೂರನೆಯ ಮೈಸೂರು ಯುದ್ಧ ನಿಂತ ವರ್ಷವೇ, ಇವರಿಬ್ಬರು ದಕ್ಷಿಣಕ್ಕೂ ಬಂದು ಹೊಸೂರು, ರಾಯಕೋಟೆಗಳ ಚಿತ್ರ ಬರೆದರು. ಸೀಜಿನ್‌ಕೋಟ್‌ನ ಸೇತುವೆಯ ಕಂಬಗಳು ಎಲಿಫೆಂಟಾ ಗುಹೆಯವುಗಳ ಮಾದರಿಯವು. ಸೇತುವೆಯ ಕೆಳಗೆ ತೊರೆಯಲ್ಲೇ ಮೆಟ್ಟುಗಲ್ಲುಗಳಿವೆ, ದಾಟಿ ಮೇಲೆ ಹೋದರೆ ಕೊಳದ ತುದಿಯಲ್ಲಿ ಸೂರ್ಯನ ಗುಡಿ. ಪೂಜೆ ಕಂಡ ಗುಡಿಯಲ್ಲ, ತೋಟದ ಅಲಂಕಾರಕ್ಕೆ ಕಟ್ಟಿದ್ದು. ಆದರೂ ನಾನು ಕೈ ಮುಗಿದೆ. ಮನೆಯ ದಕ್ಷಿಣದ ನೀರುಕಾಲುವೆಯ ತೋಟ ಡೇನಿಯಲ್ ಕಾಲದ್ದಲ್ಲ, 1944ರಲ್ಲಿ ಎಸ್ಟೇಟು ಕೊಂಡ ಕ್ಲೈನ್‌ವರ್ಟ್ ಕುಟುಂಬ 1968ರಲ್ಲಿ ಮಾಡಿಸಿದ್ದು.

ತೋಟ ವಾರದ ಕೆಲವೇ ದಿನ, ಅದೂ ಮಧ್ಯಾಹ್ನದ ಮೇಲೆ ತೆರೆಯುತ್ತದೆ. ಶನಿವಾರ, ಭಾನುವಾರ ನಂಬಿಕೊಂಡು ಹೋಗಬೇಡಿ. ಹೊರಡುವ ಮುನ್ನ ದಿನ ನೋಡಿಕೊಂಡೇ ರೈಲು ಟಿಕೆಟ್ ಮಾಡಿಸಿ.

ರಾತ್ರಿ ಉಳಿಯಲೇಬೇಕಾದರೆ ಮೊರೆಟನ್ ಬೇಡ. ನೂರ ನಲವತ್ತು ಪೌಂಡಿಗೆ ನನಗೆ ಸಿಕ್ಕಿದ್ದು ಪಬ್ಬಿನ ಮೇಲಿನ ವಾಲಿದ ನೆಲದ ಕೋಣೆ, ಬೆಳಗಿನ ತಿಂಡಿಯೂ ಇಲ್ಲ, ಕೆಳಗಿನ ಗದ್ದಲಕ್ಕೆ ನಿದ್ದೆಯೂ ಇಲ್ಲ. ಆಕ್ಸ್‌ಫರ್ಡ್‌ನಲ್ಲಿ ಉಳಿದು ಅದೇ ರೈಲು ಹಿಡಿದು ಬನ್ನಿ.

ಹೊಟ್ಟೆಯ ವಿಷಯದಲ್ಲಿ ಮಾತ್ರ ಮೊರೆಟನ್‌ಗೆ ನೂರಕ್ಕೆ ನೂರು. ಮಂಗಳವಾರ ದೊಡ್ಡ ಬೀದಿಯಲ್ಲಿ ಸಂತೆ. ಅಲ್ಲೊಂದು ಗಾಡಿಯಲ್ಲಿ ವಯಸ್ಸಾದ ದಂಪತಿ ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆ ಮಾರುತ್ತಿದ್ದರು. ಅಂಗೈಗಿಂತ ದೊಡ್ಡ ಗಡ್ಡೆ, ಸಿಪ್ಪೆ ಹಪ್ಪಳದ ಹಾಗೆ ಗರಿಗರಿ, ಒಳಗೆ ಹಬೆಯಾಡುವ ಹಿಟ್ಟು. ಅದನ್ನು ಸೀಳಿ ಬೆಣ್ಣೆ ತುಂಬಿ, ಮೇಲೆ ಬೀನ್ಸ್ ಮತ್ತು ಚೀಸ್. ಆರು ಪೌಂಡಿಗೆ ಸಂಜೆಯವರೆಗೆ ಹಸಿವಿಲ್ಲ. ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ಆ ಅಜ್ಜಿ ಬೇರೆ ಚಮಚ ತೆಗೆದು ಬಡಿಸಿದರು. ಕೇಳದೆಯೇ ಹಸಿ ಮೆಣಸಿನಕಾಯಿ ಹೆಚ್ಚಿಕೊಟ್ಟರು. ಇಂಗ್ಲೆಂಡಿನಲ್ಲಿ ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿಯ ಊಟ ನನಗೆ ಸಿಕ್ಕಿಲ್ಲ.

ಸಮಯವಿದ್ದರೆ ವಾಪಸ್ಸು ಬರುವಾಗ ಮುಂದಿನ ನಿಲ್ದಾಣ ಕಿಂಗ್‌ಹ್ಯಾಮ್‌ನಲ್ಲಿ ಇಳಿದು ಡೇಲ್ಸ್‌ಫರ್ಡ್‌ಗೆ ನಡೆಯಿರಿ. ಅಲ್ಲಿನ ಬಂಗಲೆಯೂ ಸ್ಯಾಮ್ಯುಯೆಲ್ ಕಾಕರೆಲ್‌ನದೇ ವಿನ್ಯಾಸ, ಕಟ್ಟಿಸಿದವನು ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್. 1780ರಲ್ಲಿ ಹೈದರಾಲಿಯ ವಿರುದ್ಧ ಸೇನಾಪತಿ ಐರ್ ಕೂಟ್‌ನನ್ನು ದಕ್ಷಿಣಕ್ಕೆ ಕಳಿಸಿದವನು, ಟಿಪ್ಪುವಿನೊಂದಿಗೆ ಆದ 1784ರ ಮಂಗಳೂರು ಒಪ್ಪಂದ ಕಂಡು ಕಿಡಿಕಿಡಿಯಾದವನು ಇವನೇ. ಬಂಗಲೆ ಖಾಸಗಿ, ಒಳಗೆ ಬಿಡುವುದಿಲ್ಲ. 1818ರಲ್ಲಿ ತೀರಿಕೊಂಡ ಅವನ ಸಮಾಧಿ ಪಕ್ಕದ ಚರ್ಚಿನ ಅಂಗಳದಲ್ಲಿದೆ, ಅದನ್ನು ನೋಡಬಹುದು. ಸಂಜೆ ಹೊತ್ತು ರೈಲುಗಳ ನಡುವೆ ಅಂತರ ಹೆಚ್ಚು, ವಾಪಸ್ಸಿನ ವೇಳೆ ಬರೆದಿಟ್ಟುಕೊಂಡೇ ಇಳಿಯಿರಿ.