ಅನಿಲವಾಗದೆ ಉಳಿಯುವ ಸಾರಜನಕ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ, ಬೇ ಬ್ರಿಡ್ಜ್ ಓಕ್‌ಲ್ಯಾಂಡಿನ ನೆಲ ಮುಟ್ಟುವಲ್ಲಿ, ಈಸ್ಟ್ ಬೇ ಮುನ್ಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್‌ನ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ಉತ್ಪಾದಿಸಿದ ಉತ್ತರ ಅಮೆರಿಕದ ಮೊದಲ ಕೊಳಚೆ ನೀರಿನ ಘಟಕವೆಂದು ಇದು 2012ರಲ್ಲಿ ಹೆಸರು ಪಡೆಯಿತು. ಹಣ್ಣು ತರಕಾರಿಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಆ ಭಾಗದಲ್ಲಿ ಒಂದೊಂದಾಗಿ ಮುಚ್ಚಿದಾಗ ಘಟಕದ ಸಾಮರ್ಥ್ಯದಲ್ಲಿ ಒಂದು ಪಾಲು ಬಳಕೆಯಾಗದೆ ಉಳಿಯಿತು. ಅದನ್ನು ತುಂಬಲು ಹೋಟೆಲುಗಳ ಆಹಾರ ತ್ಯಾಜ್ಯವೂ ಸೇರಿದಂತೆ ಹೊರಗಿನ ತ್ಯಾಜ್ಯವನ್ನು ಶುಲ್ಕ ಪಡೆದು ಲಾರಿಗಳಲ್ಲಿ ತರಿಸಿಕೊಳ್ಳಲು ಆಡಳಿತ ತೀರ್ಮಾನಿಸಿತು. ಹೊಸದೇನನ್ನೂ ಕಟ್ಟುವ ಮೊದಲು ಇದ್ದುದನ್ನು ಪೂರ್ತಿ ಬಳಸಿದ ಈ ವಿವೇಕವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವ ಕ್ರಿಯೆಯೇ ಇಲ್ಲಿನ ಬೃಹತ್ ಡೈಜೆಸ್ಟರ್‌ಗಳಲ್ಲೂ ನಡೆಯುತ್ತದೆ: ಗಾಳಿಯಾಡದ, ಬೆಚ್ಚಗಿನ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ಒಡೆದು, ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನ್ ಇರುವ ಅನಿಲವನ್ನು ಬಿಡುತ್ತವೆ. ಚರಂಡಿಯ ರಾಡಿಯಲ್ಲಿರುವುದು ನಮ್ಮ ದೇಹ ಆಗಲೇ ಸಾರ ಹೀರಿ ಬಿಟ್ಟದ್ದು. ತಟ್ಟೆಯಲ್ಲಿ ಉಳಿದ ಅನ್ನ, ಕರಿದ ಎಣ್ಣೆ, ಮಾಂಸದ ಚೂರುಗಳಲ್ಲಿ ಆ ಸಾರ ಹಾಗೆಯೇ ಇರುವುದರಿಂದ ಅವು ಹಲವು ಪಟ್ಟು ಹೆಚ್ಚು ಅನಿಲ ಕೊಡುತ್ತವೆ. ಆದರೆ ಹೋಟೆಲುಗಳ ತ್ಯಾಜ್ಯದೊಂದಿಗೆ ಚಮಚ, ಫೋರ್ಕ್, ಪ್ಲಾಸ್ಟಿಕ್ ಚೀಲ, ಮೊಟ್ಟೆಯ ಸಿಪ್ಪೆಗಳೂ ಬರುತ್ತವೆ. ಲೋಹ ಪಂಪನ್ನು ಕಚ್ಚಿ ನಿಲ್ಲಿಸುತ್ತದೆ, ಸಿಪ್ಪೆಯ ಪುಡಿ ಮರಳಿನಂತೆ ತಳಕ್ಕಿಳಿದು ಟ್ಯಾಂಕಿನ ಜಾಗವನ್ನೇ ನುಂಗುತ್ತದೆ. ಆದ್ದರಿಂದ ತ್ಯಾಜ್ಯ ಹುಟ್ಟುವ ಅಡುಗೆಮನೆಯಲ್ಲೇ ಬೇರ್ಪಡಿಸದಿದ್ದರೆ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಘಟಕ ಸೊರಗುತ್ತದೆ.

ಕಡಿಮೆ ಚರ್ಚೆಯಾಗುವ ವಿಷಯ ಸಾರಜನಕದ್ದು. ಡೈಜೆಸ್ಟರ್ ಇಂಗಾಲವನ್ನು ಅನಿಲವಾಗಿಸುತ್ತದೆ, ಆದರೆ ಬೇಳೆ ಮಾಂಸಗಳ ಪ್ರೋಟೀನಿನಲ್ಲಿದ್ದ ಸಾರಜನಕ ಅಮೋನಿಯವಾಗಿ ದ್ರವದಲ್ಲೇ ಉಳಿಯುತ್ತದೆ. ರಾಡಿಯನ್ನು ಹಿಂಡಿದಾಗ ಬರುವ ಆ ನೀರು ಮತ್ತೆ ಶುದ್ಧೀಕರಣದ ಸಾಲಿಗೆ ಸೇರುತ್ತದೆ. ಅಲ್ಲಿ ಸಾರಜನಕ ತೆಗೆಯುವ ವ್ಯವಸ್ಥೆಯಿಲ್ಲದಿದ್ದರೆ ಬಹುಪಾಲು ಕೊಲ್ಲಿಗೇ ಹೋಗುತ್ತದೆ. 2022ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರು ಪಾಚಿಯಿಂದ ಕಂದುಗೆಂಪಾಗಿ, ಅಪಾರ ಸಂಖ್ಯೆಯ ಮೀನುಗಳು ಸತ್ತು ದಡ ಸೇರಿದವು. ಆ ಪಾಚಿಗೆ ಆಹಾರವಾದದ್ದು ಬಹುಮಟ್ಟಿಗೆ ಸುತ್ತಲಿನ ಶುದ್ಧೀಕರಣ ಘಟಕಗಳು ಬಿಡುವ ಸಾರಜನಕವೇ. 2024ರಲ್ಲಿ ಅಲ್ಲಿನ ಜಲ ನಿಯಂತ್ರಣ ಮಂಡಳಿ ಆ ಪ್ರಮಾಣವನ್ನು ಹತ್ತು ವರ್ಷಗಳಲ್ಲಿ ಶೇಕಡ 40ರಷ್ಟು ತಗ್ಗಿಸಬೇಕೆಂದು ಆದೇಶಿಸಿತು.

ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದರಿಂದ ಇದು ನಮಗೂ ತಟ್ಟುವ ಪ್ರಶ್ನೆ. ನಗರದ ಘಟಕಗಳ ಡೈಜೆಸ್ಟರ್‌ಗಳಿಗೆ ಹಸಿ ಕಸ ಹಾಕುವ ಯೋಜನೆ ಯಾರೇ ಮುಂದಿಟ್ಟರೂ, ವಿದ್ಯುತ್ತಿನ ಯೂನಿಟ್‌ಗಳ ಜೊತೆಗೆ ಹಿಂಡಿದ ನೀರಿನ ಅಮೋನಿಯ ಎಷ್ಟು, ಅದನ್ನು ಎಲ್ಲಿ ತೆಗೆಯುತ್ತಾರೆ, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬುದೂ ಅದೇ ವರದಿಯಲ್ಲಿ ಇರಬೇಕೆಂದು ನಾವು ಕೇಳಬೇಕು.